ಹೊಸ ಹುಡುಗನಿಗೆ ಯಾವ ಕೆಲಸ ಕಾದಿದೆ?

ನಮಸ್ಕಾರ ಕೇಳುಗರೇ.

ಅಮೆರಿಕದ ಡೆಟ್ರಾಯಿಟ್ ನಗರದ ಪಕ್ಕ ನೋವೈ ಅಂತ ಒಂದು ಊರಿದೆ. ನಾನಿರುವುದು ಅಲ್ಲಿ. ಕಾರು ಕಂಪನಿಗಳ ಕೆಲಸಕ್ಕೆ ಬಂದು ನೆಲೆ ನಿಂತ ಕನ್ನಡದ ಮನೆಗಳು ಈ ಕಡೆ ಬೇಕಾದಷ್ಟಿವೆ. ಬಂದ ಹೊಸದರಲ್ಲಿ ನಮಗೆ ಆಟ ಅಂದರೆ ಕ್ರಿಕೆಟ್ಟೇ. ಇಲ್ಲಿನ ಫುಟ್‌ಬಾಲ್ ನೋಡಿದರೆ, ಇದೇನಪ್ಪಾ, ಐದು ಸೆಕೆಂಡು ಗುದ್ದಾಡುತ್ತಾರೆ, ಅರ್ಧ ನಿಮಿಷ ಸುಮ್ನೆ ನಿಲ್ಲುತ್ತಾರೆ ಅನ್ನಿಸುತ್ತಿತ್ತು. ಆದರೆ ನವೆಂಬರಿನಲ್ಲಿ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಡೆಟ್ರಾಯಿಟ್ ಲಯನ್ಸ್ ತಂಡದ ಆಟ ಇರಲೇಬೇಕು. 1934ರಲ್ಲಿ ಶುರುವಾದ ಪದ್ಧತಿ ಅದು. ಹಬ್ಬಕ್ಕೆ ಕರೆದವರ ಮನೆಯಲ್ಲಿ ಟಿವಿ ಮುಂದೆ ಕೂತು ಕೂತು ನನಗೂ ಆಟ ಹಿಡಿಸಿತು.

ಪ್ರತಿ ವರ್ಷ ಆಗಸ್ಟ್ ಬಂದರೆ ನಮ್ಮ ಗೆಳೆಯರ ಗುಂಪಿನಲ್ಲಿ ಒಂದೇ ಪ್ರಶ್ನೆ. ಈ ಸಲ ಬಂದಿರುವ ಹೊಸ ರಿಸೀವರ್ ಹೇಗಿದ್ದಾನೆ? ಇವತ್ತು ಆ ಪ್ರಶ್ನೆಯನ್ನೇ ಸ್ವಲ್ಪ ಬದಲಾಯಿಸಿ ನಿಮ್ಮ ಮುಂದೆ ಇಡುತ್ತೇನೆ. ಹುಡುಗ ಹೇಗಿದ್ದಾನೆ ಅನ್ನುವುದಕ್ಕೆ ಮೊದಲು, ಈ ತಂಡದಲ್ಲಿ ಅವನಿಗೆ ಯಾವ ಕೆಲಸ ಖಾಲಿ ಇದೆ ಅಂತ ಕೇಳಬೇಕು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಕಡೆಗೆ 11 ಜನ. ಕ್ವಾರ್ಟರ್‌ಬ್ಯಾಕ್ ಅನ್ನುವವನು ಚೆಂಡು ಎಸೆಯುತ್ತಾನೆ. ಓಡಿ ಹೋಗಿ ಅದನ್ನು ಹಿಡಿಯುವವನು ವೈಡ್ ರಿಸೀವರ್. ನಾಲ್ಕು ಯತ್ನದಲ್ಲಿ 10 ಯಾರ್ಡ್ ಮುಂದೆ ಹೋದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ. ಇಷ್ಟು ತಿಳಿದರೆ ಸಾಕು.

ಬೇಸಿಗೆಯ ಶಿಬಿರಕ್ಕೆ 90 ಆಟಗಾರರು ಬರುತ್ತಾರೆ. ಸೀಸನ್ ಶುರುವಾಗುವ ಹೊತ್ತಿಗೆ ಉಳಿಯುವುದು 53. ಅದರಲ್ಲಿ ರಿಸೀವರ್‌ಗಳು ಸಾಮಾನ್ಯವಾಗಿ ಐದೋ ಆರೋ. ಮೊದಲ ಮೂವರು ಯಾರು ಅನ್ನುವುದು ಹೆಚ್ಚು ಕಡಿಮೆ ಮೊದಲೇ ಗೊತ್ತಿರುತ್ತದೆ. ಹೀಗಾಗಿ ಡ್ರಾಫ್ಟ್‌ನ, ಅಂದರೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿಯ, ಕೊನೆಯ ಸುತ್ತುಗಳಲ್ಲಿ ಆಯ್ಕೆಯಾದ ಹುಡುಗ ಹೋರಾಡುವುದು ಐದನೇ ಅಥವಾ ಆರನೇ ಜಾಗಕ್ಕೆ. ಆ ಜಾಗದವನಿಗೆ ಚೆಂಡು ಹಿಡಿಯುವ ಕೆಲಸ ಸಿಗುವುದೇ ಅಪರೂಪ. ಕಿಕ್ ಆದಾಗ ಮೈದಾನದ ಉದ್ದಕ್ಕೂ ಓಡಿ ಎದುರಿನವನನ್ನು ಕೆಡವಬೇಕು. ಕಾಲೇಜಿನಲ್ಲಿ ಹೀರೋ ಆಗಿದ್ದವನಿಗೆ ಇದು ಬೇಜಾರಿನ ಕೆಲಸ. ಅದನ್ನು ಮನಸ್ಸಿಟ್ಟು ಮಾಡಿದವನೇ ಉಳಿಯುತ್ತಾನೆ.

ರಿಸೀವರ್ ಅಂದರೆ ಒಂದೇ ಕೆಲಸ ಅಂತಲೂ ತಿಳಿಯಬೇಡಿ. ಹೊರಗಡೆ, ಆಟ ಶುರುವಾಗುವ ಗೆರೆಯ ಮೇಲೇ ನಿಲ್ಲುವವನು ಒಬ್ಬ. ಅವನ ಎದೆಗೇ ಕೈ ಕೊಟ್ಟು ತಡೆಯಲು ಡಿಫೆಂಡರ್ ಕಾದಿರುತ್ತಾನೆ. ಆ ಕೈಯನ್ನು ಬಿಡಿಸಿಕೊಂಡು ಓಡಲು ಮೈಯಲ್ಲಿ ಕಸುವು ಬೇಕು. ಇನ್ನೊಂದು ಹೊರಬದಿಯಲ್ಲಿ ಒಂದು ಹೆಜ್ಜೆ ಹಿಂದೆ ನಿಲ್ಲುವವನು ಮತ್ತೊಬ್ಬ. ಅವನಿಗೆ ಉಸಿರಾಡಲು ಸ್ವಲ್ಪ ಜಾಗ ಜಾಸ್ತಿ. ಮೂರನೆಯವನು ಒಳಗಡೆ, ಜನಜಂಗುಳಿಯ ಮಧ್ಯೆ. ಆ ಜಾಗಕ್ಕೆ ಸ್ಲಾಟ್ ಅನ್ನುತ್ತಾರೆ.

ಸ್ಲಾಟ್ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನನಗೆ ತುಂಬಾ ಇಷ್ಟವಾದ ಜಾಗ ಅದು. ಹುಡುಗ ಆರು ಯಾರ್ಡ್ ನೇರ ಓಡುತ್ತಾನೆ. ಎಲ್ಲಿ ತಿರುಗಬೇಕು ಅಂತ ಕೋಚ್ ಪೂರ್ತಿ ಹೇಳಿರುವುದಿಲ್ಲ. ಡಿಫೆಂಡರ್ ಒಳಮೈಗೆ ನಿಂತಿದ್ದರೆ ಹೊರಗೆ ತಿರುಗು. ಹೊರಮೈಗೆ ನಿಂತಿದ್ದರೆ ಒಳಗೆ ತಿರುಗು. ಯಾರೂ ಬೆನ್ನು ಹತ್ತದೆ ಜಾಗ ಕಾಯುತ್ತಿದ್ದರೆ, ಇಬ್ಬರ ಮಧ್ಯೆ ಸಂದಿ ನೋಡಿ ನಿಂತುಬಿಡು. ಇದನ್ನು ಓಡುತ್ತಾ ಓಡುತ್ತಾ ತೀರ್ಮಾನಿಸಬೇಕು. ಅದೇ ಹೊತ್ತಿಗೆ ಕ್ವಾರ್ಟರ್‌ಬ್ಯಾಕ್ ಕೂಡ ಅದೇ ಡಿಫೆಂಡರ್‌ನನ್ನು ನೋಡುತ್ತಾ ಅದೇ ತೀರ್ಮಾನಕ್ಕೆ ಬಂದಿರಬೇಕು. ಹುಡುಗ ತಿರುಗುವ ಮೊದಲೇ ಚೆಂಡು ಕೈ ಬಿಟ್ಟಿರುತ್ತದೆ. ಒಬ್ಬ ಒಳಗೆ ಅಂದುಕೊಂಡು ಇನ್ನೊಬ್ಬ ಹೊರಗೆ ಅಂದುಕೊಂಡರೆ ಚೆಂಡು ಎದುರಾಳಿಯ ಕೈಗೆ. ಟಿವಿಯಲ್ಲಿ ನೋಡುವವರು ಕ್ವಾರ್ಟರ್‌ಬ್ಯಾಕಿಗೆ ಬೈಯುತ್ತಾರೆ. ತಪ್ಪು ಹುಡುಗನದಾಗಿರುತ್ತದೆ.

ಇಬ್ಬರ ಕಣ್ಣು ಹೀಗೆ ಒಂದಾಗಲು ಎಷ್ಟು ದಿನ ಬೇಕು? ಇದನ್ನು ಅಳೆಯುವ ಗಡಿಯಾರ ಇಲ್ಲ. ಡ್ರಾಫ್ಟ್‌ಗೆ ಮುಂಚೆ ಹುಡುಗರ ವೇಗ ಅಳೆಯುವ 40 ಯಾರ್ಡ್ ಓಟಕ್ಕೆ ಮಾತ್ರ ಇದೆ.

ಈಗ ನಾನು ಹೇಳಬೇಕೆಂದಿರುವ ಹುಡುಗನ ಕಥೆಗೆ ಬರುತ್ತೇನೆ. ಅಮಾನ್-ರಾ ಸೇಂಟ್ ಬ್ರೌನ್. ಕ್ಯಾಲಿಫೋರ್ನಿಯಾದವನು, ಯುಎಸ್‌ಸಿ ಕಾಲೇಜಿನಲ್ಲಿ ಆಡಿದವನು. ತಂದೆ ಜಾನ್ ಬ್ರೌನ್ ದೇಹದಾರ್ಢ್ಯದಲ್ಲಿ ಮಿಸ್ಟರ್ ಯೂನಿವರ್ಸ್ ಆಗಿದ್ದವರು, ತಾಯಿ ಜರ್ಮನಿಯವರು. 2021ರ ಡ್ರಾಫ್ಟ್‌ನಲ್ಲಿ ಲಯನ್ಸ್ ಇವನನ್ನು ನಾಲ್ಕನೇ ಸುತ್ತಿನಲ್ಲಿ ತೆಗೆದುಕೊಂಡಿತು. ಒಟ್ಟಾರೆ 112ನೇ ಆಯ್ಕೆ. ಅಷ್ಟರಲ್ಲಿ ಬೇರೆ 16 ರಿಸೀವರ್‌ಗಳನ್ನು ತಂಡಗಳು ಆರಿಸಿಕೊಂಡಾಗಿತ್ತು. ಆ 16 ಹೆಸರೂ ಇವನಿಗೆ ಇವತ್ತಿಗೂ ಸಾಲಾಗಿ ಬಾಯಿಗೆ ಬರುತ್ತವೆ. ಚಿಕ್ಕಂದಿನಿಂದ ಮಾಡಿಕೊಂಡ ಒಂದು ಅಭ್ಯಾಸವೂ ಇದೆ. ಚೆಂಡು ಎಸೆಯುವ ಯಂತ್ರದ ಮುಂದೆ ನಿಂತು ಲೆಕ್ಕ ಇಟ್ಟು 202 ಚೆಂಡು ಹಿಡಿಯುವುದು.

ಅಷ್ಟು ಹಿಂದೆ ಉಳಿಯಲು ಕಾರಣ ಏನು? ಎತ್ತರ ಸುಮಾರು ಆರು ಅಡಿ, ರಿಸೀವರ್‌ಗೆ ಅದೇನೂ ವಿಶೇಷವಲ್ಲ. 40 ಯಾರ್ಡ್ ಓಡಲು ಸುಮಾರು 4.6 ಸೆಕೆಂಡು ತೆಗೆದುಕೊಂಡ. ಈ ಕೆಲಸದವರ ಮಧ್ಯೆ ಅದು ನಿಧಾನವೇ. ಹೊರಬದಿಯ ಜಾಗಕ್ಕೆ ಇವನು ಸಾಲದು ಅಂದವರ ಮಾತಿನಲ್ಲಿ ಹುರುಳಿತ್ತು. ಆದರೆ ಅವರು ಅಲ್ಲಿಗೇ ನಿಲ್ಲಿಸಿದರು. ಒಳಗಿನ ಜಾಗಕ್ಕೆ ಹೇಗೆ ಅಂತ ಅಷ್ಟೇ ಗಟ್ಟಿಯಾಗಿ ಕೇಳಿಕೊಂಡಿದ್ದರೆ ಉತ್ತರ ಬೇರೆ ಬರುತ್ತಿತ್ತು ಅಂತ ನನಗನ್ನಿಸುತ್ತದೆ.

ಆ ವರ್ಷ ಲಯನ್ಸ್ ಮನೆ ಹೇಗಿತ್ತು ನೋಡಿ. ಹನ್ನೆರಡು ವರ್ಷ ಕ್ವಾರ್ಟರ್‌ಬ್ಯಾಕ್ ಆಗಿದ್ದ ಮ್ಯಾಥ್ಯೂ ಸ್ಟಾಫರ್ಡ್ ಲಾಸ್ ಏಂಜಲೀಸಿಗೆ ಹೋದ, ಅಲ್ಲಿಂದ ಜೇರೆಡ್ ಗಾಫ್ ಬಂದ. ಕೋಚ್ ಡ್ಯಾನ್ ಕ್ಯಾಂಪ್‌ಬೆಲ್ ಹೊಸಬ. ಮುಖ್ಯ ರಿಸೀವರ್‌ಗಳಾಗಿದ್ದ ಕೆನ್ನಿ ಗಾಲಡೇ ಮತ್ತು ಮಾರ್ವಿನ್ ಜೋನ್ಸ್ ಇಬ್ಬರೂ ಬೇರೆ ತಂಡಗಳಿಗೆ ಹೊರಟುಹೋದರು. ಒಂದಲ್ಲ, ಎಲ್ಲ ಕುರ್ಚಿಗಳೂ ಖಾಲಿ. ಇಂಥ ಮನೆಗೆ ಬಂದ ನಾಲ್ಕನೇ ಸುತ್ತಿನ ಹುಡುಗನಿಗೆ ಮೊದಲ ವಾರದಿಂದಲೇ ಮೈದಾನ ಸಿಗುತ್ತದೆ. ತುಂಬಿದ ಮನೆಗೆ ಹೋಗಿದ್ದರೆ ಇದೇ ಹುಡುಗ ವರ್ಷವಿಡೀ ಕಿಕ್ ಹಿಂದೆ ಓಡುತ್ತಾ ಇರುತ್ತಿದ್ದನೋ ಏನೋ.

ಮೈದಾನ ಸಿಕ್ಕಿತು, ಆದರೆ ಅಂಕಿಗಳು ಬರಲಿಲ್ಲ. ಮೊದಲ 11 ಆಟಗಳಲ್ಲಿ 39 ಕ್ಯಾಚ್, 352 ಯಾರ್ಡ್. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಆರು ಅಂಕ, ಅದಕ್ಕೆ ಟಚ್‌ಡೌನ್ ಅನ್ನುತ್ತಾರೆ; ಅದು ಒಂದೂ ಇಲ್ಲ. ತಂಡ ಒಂದೂ ಆಟ ಗೆದ್ದಿರಲಿಲ್ಲ. ಹತ್ತು ಸೋಲು, ಒಂದು ಸಮ. ಗಾಫ್ ನಂಬಿಕೊಂಡಿದ್ದು ಟೈಟ್ ಎಂಡ್ (ಅಡ್ಡವೂ ನಿಂತು ಚೆಂಡೂ ಹಿಡಿಯುವ ದೊಡ್ಡ ಮೈಯವನು) ಟಿ.ಜೆ. ಹಾಕನ್‌ಸನ್‌ನನ್ನು, ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಡಿಆಂಡ್ರೆ ಸ್ವಿಫ್ಟ್‌ನನ್ನು. ಹತ್ತಿರದ ಚೆಂಡುಗಳೆಲ್ಲ ಅವರಿಬ್ಬರಿಗೇ ಹೋಗುತ್ತಿದ್ದವು. ಸ್ಲಾಟ್‌ನಲ್ಲಿ ಓಡುವವನು ಬದುಕುವುದೂ ಅದೇ ಹತ್ತಿರದ ಚೆಂಡಿನ ಮೇಲೆ. ಕುರ್ಚಿ ಖಾಲಿ ಇತ್ತು ನಿಜ, ಎಲೆಯ ಮೇಲಿನ ಊಟ ಮಾತ್ರ ಪಕ್ಕದವರ ಪಾಲಾಗಿತ್ತು.

ಆ ಹನ್ನೊಂದು ವಾರ ಅವನು ಮಾಡಿದ ಇನ್ನೊಂದು ಕೆಲಸ ನಮ್ಮ ಕಣ್ಣಿಗೆ ಬೀಳುವುದು ಕಷ್ಟ. ಅದು ಬ್ಲಾಕ್ ಮಾಡುವುದು. ಚೆಂಡನ್ನು ಬೇರೆಯವನು ಹಿಡಿದು ಓಡುವಾಗ ಸ್ಲಾಟ್‌ನಲ್ಲಿರುವವನು ತನಗಿಂತ ಮೈಭಾರದ ಡಿಫೆಂಡರ್‌ಗೆ ಅಡ್ಡ ನಿಲ್ಲಬೇಕು. ಕ್ಯಾಮೆರಾ ಚೆಂಡಿನ ಹಿಂದೆ ಹೋಗಿಬಿಡುತ್ತದೆ. ನೀವೊಮ್ಮೆ ಮರುಪ್ರಸಾರ ಬಂದಾಗ ಚೆಂಡನ್ನು ಬಿಟ್ಟು ಪಕ್ಕಕ್ಕೆ ನೋಡಿ. ಒಳ್ಳೆ ಬ್ಲಾಕ್ ಮಾಡುವವನ ಎರಡೂ ಅಂಗೈ ಎದುರಿನವನ ಎದೆಯ ಒಳಭಾಗದಲ್ಲಿರುತ್ತವೆ. ಸೊಂಟ ತಗ್ಗಿರುತ್ತದೆ. ಪಾದ ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಆಡುತ್ತಲೇ ಇರುತ್ತದೆ. ಮನಸ್ಸಿಲ್ಲದವನು ಒಂದು ಸಲ ಭುಜ ತಾಗಿಸಿ ನಿಂತು, ಚೆಂಡು ಎಲ್ಲಿ ಹೋಯಿತು ಅಂತ ತಿರುಗಿ ನೋಡುತ್ತಾನೆ. ಸೇಂಟ್ ಬ್ರೌನ್ ಈ ಕೆಲಸವನ್ನು ಮನಸಾರೆ ಮಾಡುವವನು. ಇಂಥವನು ಕ್ಯಾಚ್ ಹಿಡಿಯದ ದಿನವೂ ಮೈದಾನದಿಂದ ಹೊರಗೆ ಹೋಗುವುದಿಲ್ಲ. ಹೊರಗೆ ಹೋಗದವನಿಗೆ ಒಂದಲ್ಲ ಒಂದು ದಿನ ಸರದಿ ಬರುತ್ತದೆ.

ಬಂತು. ಥ್ಯಾಂಕ್ಸ್‌ಗಿವಿಂಗ್ ದಿನ ಸ್ವಿಫ್ಟ್ ಭುಜಕ್ಕೆ ಪೆಟ್ಟಾಯಿತು. ಡಿಸೆಂಬರಿನಲ್ಲಿ ಹಾಕನ್‌ಸನ್ ಕೂಡ ಕೈಬೆರಳಿಗೆ ಪೆಟ್ಟು ಮಾಡಿಕೊಂಡು ಹೊರಗೆ ಕೂತ. ಅಷ್ಟರಲ್ಲಾಗಲೇ ಯಾವ ಆಟ ಆಡಿಸಬೇಕು ಅಂತ ಹೇಳುವ ಜವಾಬ್ದಾರಿಯನ್ನು ಕ್ಯಾಂಪ್‌ಬೆಲ್ ತಾನೇ ಕೈಗೆ ತೆಗೆದುಕೊಂಡಿದ್ದ. ಕೊನೆಯ ಆರು ಆಟಗಳಲ್ಲಿ ಈ ಹುಡುಗ 51 ಕ್ಯಾಚ್ ಹಿಡಿದ. 560 ಯಾರ್ಡ್, ಐದು ಟಚ್‌ಡೌನ್. ಸಿಯಾಟಲ್‌ನಲ್ಲಂತೂ ಚೆಂಡನ್ನು ಅವನ ಕೈಗೇ ಕೊಟ್ಟು ಓಡಿಸಿದರು, ಅದರಲ್ಲೂ ಒಂದು ಟಚ್‌ಡೌನ್ ಬಂತು. ವರ್ಷದ ಒಟ್ಟು ಲೆಕ್ಕ 90 ಕ್ಯಾಚ್, 912 ಯಾರ್ಡ್. ಲಯನ್ಸ್‌ನ ಯಾವ ಹೊಸ ರಿಸೀವರ್ ಕೂಡ ಅಷ್ಟು ಮಾಡಿರಲಿಲ್ಲ.

ಬೇರೆಯವರಿಗೆ ಗಾಯವಾಯಿತು, ಇವನಿಗೆ ಅದೃಷ್ಟ ಖುಲಾಯಿಸಿತು ಅಂತ ಕೆಲವರು ಹೇಳುತ್ತಿದ್ದರು. ನಾನು ಒಪ್ಪುವುದಿಲ್ಲ. ಆ ತಂಡದಲ್ಲಿ ಬೇರೆ ರಿಸೀವರ್‌ಗಳೂ ಇದ್ದರಲ್ವಾ? ಖಾಲಿಯಾದ ಜಾಗ ಅವರಿಗೂ ಕಾಣುತ್ತಿತ್ತು. ಚೆಂಡು ಮಾತ್ರ ಇವನ ಕಡೆಗೇ ಬಂತು.

ಅದೇ ವರ್ಷದ ಇನ್ನೊಂದು ಉದಾಹರಣೆ ಇದೆ. ಸಿನ್ಸಿನಾಟಿ ಬೆಂಗಾಲ್ಸ್ ತಂಡ ಜಮಾರ್ ಚೇಸ್‌ನನ್ನು ಐದನೇ ಆಯ್ಕೆಯಾಗಿ ತೆಗೆದುಕೊಂಡಿತ್ತು. ಆಗಸ್ಟ್‌ನ ಅಭ್ಯಾಸ ಪಂದ್ಯಗಳಲ್ಲಿ ಅವನು ಚೆಂಡಿನ ಮೇಲೆ ಚೆಂಡು ಕೈಚೆಲ್ಲಿದ. ಕಾಲೇಜಿನ ಚೆಂಡಿನ ಮೇಲೆ ಬಿಳಿ ಪಟ್ಟಿ ಇರುತ್ತದೆ, ಇಲ್ಲಿನದಕ್ಕೆ ಇಲ್ಲ, ಕಣ್ಣಿಗೆ ಹೊಂದಿಕೊಳ್ಳಬೇಕು ಅಂದ. ಜನ ಆಡಿಕೊಂಡರು. ಸೀಸನ್ ಮುಗಿಯುವ ಹೊತ್ತಿಗೆ ಅವನ ಲೆಕ್ಕ 1,455 ಯಾರ್ಡ್, 13 ಟಚ್‌ಡೌನ್. ಅವನಿಗೆ ಚೆಂಡು ಎಸೆಯುತ್ತಿದ್ದದ್ದು ಜೋ ಬರ್ರೋ, ಕಾಲೇಜಿನಲ್ಲೂ ಅವನ ಜೊತೆಗಾರ. ಇಬ್ಬರ ಕಣ್ಣು ಮೊದಲೇ ಒಂದಾಗಿತ್ತು. ಗಾಫ್ ಮತ್ತು ಸೇಂಟ್ ಬ್ರೌನ್‌ಗೆ ಆ ಹೊಂದಾಣಿಕೆ ಬರಲು ಸೆಪ್ಟೆಂಬರಿನಿಂದ ಡಿಸೆಂಬರ್ ತನಕ ಹಿಡಿಯಿತು. ಹಾಗಾಗಿ ಆಗಸ್ಟ್‌ನಲ್ಲಿ ಕೈ ಜಾರಿದ ಚೆಂಡುಗಳನ್ನು ಎಣಿಸಿ ಯಾವ ಹುಡುಗನ ಹಣೆಬರಹವನ್ನೂ ಬರೆಯಬಾರದು ಅಂತ ಗೆಳೆಯರಿಗೆ ಹೇಳುತ್ತಲೇ ಇರುತ್ತೇನೆ.

ಡಿಸೆಂಬರ್ 5, 2021. ಭಾನುವಾರ. ಫೋರ್ಡ್ ಫೀಲ್ಡ್ ಮೈದಾನ, ಎದುರಾಳಿ ಮಿನೆಸೋಟ ವೈಕಿಂಗ್ಸ್. ಎರಡು ನಿಮಿಷಕ್ಕಿಂತ ಕಡಿಮೆ ಉಳಿದಿರುವಾಗ ವೈಕಿಂಗ್ಸ್ 27-23ರಲ್ಲಿ ಮುಂದೆ ಹೋದರು. ಮತ್ತೊಂದು ಸೋಲು ಅಂತ ನಮ್ಮನೆಯಲ್ಲಿ ಒಬ್ಬೊಬ್ಬರೇ ಎದ್ದು ಅಡುಗೆಮನೆ ಕಡೆ ಹೊರಟರು. ಗಾಫ್ 75 ಯಾರ್ಡ್ ದೂರದಿಂದ ಸ್ವಲ್ಪ ಸ್ವಲ್ಪವೇ ಮುಂದೆ ಬಂದ. ಕೊನೆಗೆ 11 ಯಾರ್ಡ್ ಉಳಿಯಿತು, ನಾಲ್ಕು ಸೆಕೆಂಡು ಉಳಿಯಿತು. ನಾಲ್ಕನೇ ಯತ್ನ, ಇದು ಹೋದರೆ ಆಟ ಮುಗಿಯಿತು.

ವೈಕಿಂಗ್ಸ್ ಡಿಫೆಂಡರ್‌ಗಳು ಹಿಂದಕ್ಕೆ ಸರಿದು, ಕೊನೆಯ ಗೆರೆಯ ಆಚೆಗಿರುವ ಎಂಡ್ ಝೋನ್ ಒಳಗೆ ಕಾದು ನಿಂತರು. ಸೇಂಟ್ ಬ್ರೌನ್ ನೇರ ಓಡಿದ. ಎದುರಿಗಿದ್ದವನು ಇನ್ನೂ ಹಿಂದಕ್ಕೆ ಹೋಗುತ್ತಿದ್ದ. ಗೆರೆ ದಾಟಿದ ತಕ್ಷಣ ಹುಡುಗ ಅವನ ಮುಂದೆಯೇ ತಿರುಗಿದ. ಅಷ್ಟರಲ್ಲಿ ಚೆಂಡು ಗಾಳಿಯಲ್ಲಿತ್ತು. ನೇರ ಎದೆಗೆ ಬಂತು, ಎರಡೂ ಕೈಯಲ್ಲಿ ಹಿಡಿದ. ಗಡಿಯಾರ ಸೊನ್ನೆ ತೋರಿಸುತ್ತಿತ್ತು. 29-27. ಅವನ ಮೊದಲ ಟಚ್‌ಡೌನ್, ತಂಡಕ್ಕೆ ಆ ವರ್ಷದ ಮೊದಲ ಗೆಲುವು. ಅಡುಗೆಮನೆಯಿಂದ ಎಲ್ಲರೂ ಓಡಿ ಬಂದರು.

ಅದಕ್ಕೆ ಐದು ದಿನ ಮೊದಲು, ನಮ್ಮ ಉತ್ತರಕ್ಕಿರುವ ಆಕ್ಸ್‌ಫರ್ಡ್ ಅನ್ನುವ ಊರಿನ ಹೈಸ್ಕೂಲಿನಲ್ಲಿ ಗುಂಡೇಟಿಗೆ ನಾಲ್ಕು ಮಕ್ಕಳು ಸತ್ತಿದ್ದರು. ಮಕ್ಕಳಿರುವ ಯಾವ ಮನೆಯಲ್ಲೂ ಆ ವಾರ ನಿದ್ದೆ ಇರಲಿಲ್ಲ. ಗೆದ್ದ ಆಟದ ಚೆಂಡನ್ನು ಕ್ಯಾಂಪ್‌ಬೆಲ್ ಆ ಊರಿಗೆ ಅರ್ಪಿಸಿ, ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಓದಿದ. ಟಿವಿ ಮುಂದೆ ನಿಂತೇ ಕೇಳಿದೆವು.

ಮುಂದೆ ಇದೇ ಹುಡುಗ 2023ರಲ್ಲಿ 1,515 ಯಾರ್ಡ್ ಗಳಿಸಿ ಇಡೀ ಲೀಗಿನ ಅತ್ಯುತ್ತಮ ರಿಸೀವರ್‌ಗಳ ಸಾಲಿಗೆ ಸೇರಿದ. ಅದೆಲ್ಲ ಗೊತ್ತಿರುವ ಕಥೆ. ನಾನು ಮತ್ತೆ ಮತ್ತೆ ಹಾಕಿಕೊಂಡು ನೋಡುವುದು ಆ ಮೊದಲ ಹನ್ನೊಂದು ಆಟಗಳನ್ನು.

ಈ ಆಗಸ್ಟ್‌ನಲ್ಲೂ ಅಭ್ಯಾಸ ಪಂದ್ಯ ನೋಡಲು ಕೂರುತ್ತೇನೆ. ಹೊಸ ಹುಡುಗನನ್ನು ಯಾವ ಕ್ವಾರ್ಟರ್‌ಬ್ಯಾಕ್ ಜೊತೆ ಆಡಿಸುತ್ತಾರೆ, ಯಾವ ಬದಿಯಲ್ಲಿ ನಿಲ್ಲಿಸುತ್ತಾರೆ, ಮೂರನೇ ಯತ್ನದಲ್ಲಿ ಮೈದಾನದಲ್ಲೇ ಇರಿಸುತ್ತಾರೋ ಹೊರಗೆ ಕರೆಯುತ್ತಾರೋ ಅಂತ ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಚೆಂಡು ಬೇರೆಯವನ ಕೈಯಲ್ಲಿದ್ದಾಗ ಅವನ ಪಾದ ನೋಡುತ್ತೇನೆ. ನೀವೂ ಒಂದು ಸಲ ನೋಡಿ.

ನಮಸ್ಕಾರ.