ಎಂಜಿನ್ ಬಡಿತ: ಸದ್ದು ಯಾವಾಗ ಬರುತ್ತದೆ?

ಕೇಳುಗರಿಗೆಲ್ಲ ನಮಸ್ಕಾರ. ಎರಡು ಲಕ್ಷ ಕಿಲೋಮೀಟರ್ ಓಡಿದ ಕಾರು ಒಂದು ದಿನ ಟಕಟಕ ಎನ್ನಲು ಶುರು ಮಾಡುತ್ತದೆ. ಆಗ ತುಂಬಾ ಜನ ಮಾಡುವ ಮೊದಲ ಕೆಲಸ ರೇಡಿಯೋ ವಾಲ್ಯೂಮ್ ಏರಿಸುವುದು. ಈ ಮಾತು ಕೇಳಲಿಕ್ಕಾದರೆ ಏರಿಸಿ, ಬೇಡ ಎನ್ನುವುದಿಲ್ಲ. ಎಂಜಿನ್ ಸದ್ದು ಮುಚ್ಚಲಿಕ್ಕಾದರೆ ಬೇಡ.

ಮೆಕ್ಯಾನಿಕ್ ಹತ್ತಿರ ಹೋಗಿ "ಎಂಜಿನ್ ನಾಕ್ ಆಗ್ತಾ ಇದೆ", ಅಂದರೆ ಬಡೀತಾ ಇದೆ, ಎಂದಷ್ಟೇ ಹೇಳಿದರೆ ಅವರಿಗೆ ಏನೂ ಹೇಳಿದಂತಾಗುವುದಿಲ್ಲ. ಸದ್ದು ಎಷ್ಟು ಜೋರಾಗಿದೆ ಎನ್ನುವುದಕ್ಕಿಂತ ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎನ್ನುವುದೇ ಮುಖ್ಯ. ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಸುಮ್ನೆ ನಿಂತಾಗಲೋ, ಏರು ಹತ್ತುವಾಗಲೋ?

ಅದಕ್ಕೂ ಮೊದಲು ಆಯಿಲ್ ನೋಡಿ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಐದು ಹತ್ತು ನಿಮಿಷ ಬಿಟ್ಟು ಆಯಿಲ್ ಮಟ್ಟ ತೋರಿಸುವ ಕಡ್ಡಿ, ಡಿಪ್‌ಸ್ಟಿಕ್, ಎಳೆಯಿರಿ. ಹಳೇ ಎಂಜಿನ್ ಆಯಿಲ್ ಕುಡಿಯುತ್ತದೆ, ಕಣ್ಣಿಗೆ ಹೊಗೆ ಕಾಣದಿದ್ದರೂ ಕುಡಿಯುತ್ತದೆ. ಕೆಳಗಿನ ಗೆರೆಗಿಂತ ಇಳಿದಿದ್ದರೆ ತುಂಬಿಸಿ, ಆಮೇಲೆ ಮತ್ತೆ ಕಿವಿಗೊಡಿ. ಎಷ್ಟೋ ಸಲ ಕಥೆ ಇಲ್ಲಿಗೇ ಮುಗಿಯುತ್ತದೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಂದು, ಎಂಜಿನ್ ಬಿಸಿಯಾಗುತ್ತಾ ಮಾಯವಾಗುವ ಸದ್ದಿಗೆ ಜಾಸ್ತಿ ಹೆದರಬೇಕಿಲ್ಲ. ಸಣ್ಣಗೆ ಟಿಕ್ ಟಿಕ್ ಎಂದರೆ ವಾಲ್ವ್ ತೆರೆಯುವ ಟ್ಯಾಪೆಟ್ ಇರಬಹುದು, ಇಲ್ಲವೇ ಹೊಗೆ ಕೊಳವೆ ಎಂಜಿನ್ನಿಗೆ ಕೂಡುವಲ್ಲಿರುವ ಎಕ್ಸಾಸ್ಟ್ ಗ್ಯಾಸ್ಕೆಟ್ ಬಿರುಕಿನಲ್ಲಿ ಹೊಗೆ ಸೋರುತ್ತಿರಬಹುದು. ಟೊಳ್ಳು ಟೊಳ್ಳಾಗಿ ಬಡಿದರೆ, ಸಿಲಿಂಡರ್ ಒಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಸವೆದು ಅದರ ಗೋಡೆಗೆ ತಾಗುತ್ತಿರುತ್ತದೆ. ಕಾವು ಏರಿದಂತೆ ಪಿಸ್ಟನ್ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ.

ಇನ್ನು ಪೆಟ್ರೋಲ್ ಕಾರು ಏರಿನಲ್ಲಿ, ದೊಡ್ಡ ಗೇರಿನಲ್ಲಿ, ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಕಿಣಿಕಿಣಿ ಎಂದರೆ? ಸ್ಪಾರ್ಕ್ ಹೊತ್ತಿಸಿದ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ತಾನಾಗಿಯೇ ಸಿಡಿಯುತ್ತಿದೆ ಎಂದರ್ಥ. ಹಳೇ ಎಂಜಿನ್ನಿನಲ್ಲಿ ಪಿಸ್ಟನ್ ತಲೆಯ ಮೇಲೆ ಕಾರ್ಬನ್ ಕಟ್ಟಿ ಜಾಗ ಕಿರಿದಾಗುತ್ತದೆ, ಒತ್ತಡ ಏರುತ್ತದೆ. ಎಂಜಿನ್ ಅತಿಯಾಗಿ ಬಿಸಿಯಾಗುತ್ತಿದ್ದರೂ, ಟೈಮಿಂಗ್ ಮುಂದಿದ್ದರೂ, ಅಂದರೆ ಸ್ಪಾರ್ಕ್ ಬರಬೇಕಾದ ಹೊತ್ತಿಗಿಂತ ಮೊದಲೇ ಬಂದರೂ, ಹೀಗಾಗುತ್ತದೆ. ಹೆಚ್ಚು ಆಕ್ಟೇನ್ ಪೆಟ್ರೋಲ್, ಅಂದರೆ ಬೇಗ ತಾನಾಗಿಯೇ ಸಿಡಿಯದ ಪೆಟ್ರೋಲ್, ಒಂದು ಟ್ಯಾಂಕ್ ಹಾಕಿ ನೋಡಿ. ಸದ್ದು ಅಡಗಿದರೆ ರೋಗ ಸಿಕ್ಕಿತು. ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿಸಿದಾಗ ಪಿ0325 ಎಂಬ ದೋಷದ ಕೋಡ್ ಬಂದರೆ, ಈ ಸಿಡಿತವನ್ನು ಗುರುತಿಸುವ ನಾಕ್ ಸೆನ್ಸರ್ ಅಥವಾ ಅದರ ವೈರಿಂಗ್ ಕಡೆ ಗಮನ ಕೊಡಿ. ಈ ಸಿಡಿತ ತಡೆಯಲಿಕ್ಕೆಂದೇ 1921ರಲ್ಲಿ ಜನರಲ್ ಮೋಟರ್ಸ್‌ನಲ್ಲಿದ್ದ ಥಾಮಸ್ ಮಿಡ್ಜ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುವ ದಾರಿ ಕಂಡುಕೊಂಡರು. ಎಂಜಿನ್ ಸುಮ್ಮನಾಯಿತು, ಗಾಳಿಗೆ ವಿಷ ಸೇರಿತು. ಕಾರುಗಳಿಗೆ ಆ ಪೆಟ್ರೋಲ್ ಮಾರುವುದು ಜಗತ್ತಿನಾದ್ಯಂತ ನಿಲ್ಲಲು 2021 ಬರಬೇಕಾಯಿತು.

ಈಗ ನಿಜವಾಗಿ ಭಯಪಡಬೇಕಾದ ಸದ್ದು. ಎಂಜಿನ್ ಬಿಸಿಯಾದಷ್ಟೂ ಜೋರಾಗುತ್ತದೆ, ತಳದಿಂದ ಧಡ್ ಧಡ್ ಎಂದು ದಪ್ಪಗೆ ಬರುತ್ತದೆ, ವೇಗ ಏರಿಸಿದರೆ ತಾನೂ ಏರುತ್ತದೆ. ಇದು ಕನೆಕ್ಟಿಂಗ್ ರಾಡ್ ಬೇರಿಂಗ್, ಅಂದರೆ ಪಿಸ್ಟನ್‌ನಿಂದ ಬರುವ ರಾಡು ತಳದಲ್ಲಿ ತಿರುಗುವ ದಂಡಕ್ಕೆ ಸೇರುವ ಜಾಗದ ಬೇರಿಂಗ್. ಅಲ್ಲಿ ಇರಬೇಕಾದ ಸಂದು ತಲೆಗೂದಲಿಗಿಂತ ತೆಳು, ಅದರಲ್ಲಿ ಆಯಿಲ್ ಪದರ ಇರುತ್ತದೆ. ಬೇರಿಂಗ್ ಸವೆದಾಗ ಪದರ ಹರಿದು ಲೋಹಕ್ಕೆ ಲೋಹ ಬಡಿಯುತ್ತದೆ. ಜೊತೆಗೆ ಆಯಿಲ್ ದೀಪವೂ ಹತ್ತಿದರೆ ಅಲ್ಲೇ ಎಂಜಿನ್ ಆಫ್ ಮಾಡಿ, ಗಾಡಿ ಎಳೆಸಿಕೊಂಡು ಹೋಗಿ. ದೀಪ ಹತ್ತಿಲ್ಲ ಎಂದು ಧೈರ್ಯ ಬೇಡ. ಆಯಿಲ್ ಒತ್ತಡ ತೀರಾ ಕುಸಿದ ಮೇಲಷ್ಟೇ ಅದು ಹತ್ತುತ್ತದೆ. ಗೇಜ್ ಕಟ್ಟಿ ಆ ಒತ್ತಡ ಅಳೆಸಿ: ಎಂಜಿನ್ ನಿಮಿಷಕ್ಕೆ ಸುತ್ತುವ ಪ್ರತಿ 1000 ಸುತ್ತಿಗೆ (ಆರ್‌ಪಿಎಂ) ಸುಮಾರು 10 ಪಿಎಸ್‌ಐ ಒತ್ತಡ ಇರಬೇಕು ಎನ್ನುವುದು ಒರಟು ಲೆಕ್ಕ.

ಒಳ್ಳೆಯ ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರ್ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಎಂಜಿನ್ ಮೈಮೇಲೆ ಅಲ್ಲಲ್ಲಿ ಇಡುತ್ತಾರೆ. ಸದ್ದು ಮೇಲೋ ಕೆಳಗೋ ಗೊತ್ತಾಗುತ್ತದೆ. ಆಮೇಲೆ ಸಿಲಿಂಡರಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರುಗಳ ಪಿನ್ ಒಂದೊಂದೇ ಕಳಚಿ ನೋಡುತ್ತಾರೆ. ಯಾವ ಸಿಲಿಂಡರ್ ಆರಿಸಿದಾಗ ಬಡಿತ ಇಳಿಯುತ್ತದೋ ತೊಂದರೆ ಅಲ್ಲಿದೆ. ಟ್ಯಾಪೆಟ್ ಸದ್ದಾದರೆ ಇದಕ್ಕೆ ಜಗ್ಗುವುದಿಲ್ಲ. ಕೊನೆಗೆ ಹಳೇ ಆಯಿಲ್ ಫಿಲ್ಟರ್ ಕತ್ತರಿಸಿ, ಕಾಗದದ ಮಡಿಕೆ ಬಿಡಿಸಿ ಬೆಳಕಿಗೆ ಹಿಡಿಯುವುದು. ತಾಮ್ರದ ಅಥವಾ ಬೆಳ್ಳಿ ಬಣ್ಣದ ಚೂರು ಮಿನುಗಿದರೆ ಬೇರಿಂಗ್ ಸವೆಯುತ್ತಿದೆ, ಇನ್ನು ಎಂಜಿನ್ ಬಿಚ್ಚದೆ ದಾರಿಯಿಲ್ಲ.

ದಪ್ಪ ಆಯಿಲ್ ಹಾಕಿದರೆ ಈ ಸದ್ದು ಕೆಲವು ದಿನ ಅಡಗುತ್ತದೆ. ಎಂಜಿನ್ ಮೊದಲೇ ಬಿಸಿ ಮಾಡಿಟ್ಟರೆ ಬೆಳಗಿನ ಸದ್ದೂ ಅಡಗುತ್ತದೆ. ಮಾರಲು ಹೊರಟವರಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ಹಳೇ ಕಾರು ನೋಡಲು ಹೋದಾಗ ಮೊದಲು ಬಾನೆಟ್ ಮುಟ್ಟಿ ನೋಡಿ. ಆಗಲೇ ಬೆಚ್ಚಗಿದ್ದರೆ, ಪೂರ್ತಿ ಆರಿದ ಮೇಲೆ ಬರುತ್ತೇನೆ ಎಂದು ಹೇಳಿ, ಬಂದು ನೀವೇ ಸ್ಟಾರ್ಟ್ ಮಾಡಿ. ಆಮೇಲೆ ಅರ್ಧ ಗಂಟೆ ಓಡಿಸಿ, ಬಿಸಿ ಎಂಜಿನ್ನಿಗೆ ಇನ್ನೊಮ್ಮೆ ಕಿವಿಗೊಡಿ. ನಮಸ್ಕಾರ.