ಕಂಕುಳಲ್ಲಿ ಕನ್ನಡಿ ಹೊತ್ತು ಹೊರಟ ಆಟಗಾರ

ಎಲ್ಲರಿಗೂ ನಮಸ್ಕಾರ.

ಮೇ ದಿನದ ಸಭೆಗೆ ಫುಟ್‌ಬಾಲ್ ವಿಷಯ ಯಾಕೆ ಅಂತ ಕೆಲವರು ಕೇಳಿದರು. ಇಲ್ಲಿ ಕೂತಿರುವವರಲ್ಲಿ ಅರ್ಧ ಜನ ಫ್ಯಾಕ್ಟರಿ ಟೀಮಿಗೆ ಆಡಿದವರು. ಇನ್ನರ್ಧ ಜನ ಗೇಟಿನ ಮುಂದೆ ಘೋಷಣೆ ಕೂಗಿದವರು. ಎರಡನ್ನೂ ಮಾಡಿದವರೂ ಇದ್ದೀರಿ. ಹಾಗಾಗಿ ಮ್ಯಾಂಚೆಸ್ಟರ್ ಯುನೈಟೆಡ್ ಇಂಗ್ಲೆಂಡಿನ ಒಂದು ಕ್ಲಬ್ಬು, ಎಫ್‌ಎ ಅಂದರೆ ಅಲ್ಲಿನ ಫುಟ್‌ಬಾಲ್ ನಡೆಸುವ ಸಂಸ್ಥೆ, ಅದರ ಕಪ್‌ನಲ್ಲಿ ಸೋತವರು ಹೊರಗೆ, ಇಷ್ಟು ಬಿಟ್ಟು ಹೆಚ್ಚು ವಿವರಿಸುವುದಿಲ್ಲ. ನೇರವಾಗಿ 1909ಕ್ಕೆ ಹೋಗೋಣ.

ಅದಕ್ಕೂ ಹಿಂದಿನ ವರ್ಷ, 1908ರಲ್ಲಿ, ಯುನೈಟೆಡ್ ಮೊದಲ ಸಲ ಲೀಗ್ ಗೆದ್ದಿತ್ತು. 1908-09ರಲ್ಲಿ ಅದೇ ಟೀಮು ಲೀಗಿನಲ್ಲಿ ಹದಿಮೂರನೇ ಜಾಗಕ್ಕೆ ಬಿತ್ತು. ಆದರೆ ಕಪ್‌ನಲ್ಲಿ ಬೇರೆಯೇ ಕತೆ. ಬ್ರೈಟನ್, ಎವರ್ಟನ್, ಬ್ಲ್ಯಾಕ್‌ಬರ್ನ್ ಟೀಮುಗಳನ್ನು ಸೋಲಿಸಿದರು. ಮಾರ್ಚ್‌ನಲ್ಲಿ ಬರ್ನ್ಲಿಯ ಮೈದಾನ. ಸುರಿಯುವ ಹಿಮ, ಯುನೈಟೆಡ್ ಒಂದು ಗೋಲು ಹಿಂದೆ. ಇನ್ನು ಹದಿನೆಂಟು ನಿಮಿಷ ಬಾಕಿ ಇರುವಾಗ ರೆಫರಿ ಹರ್ಬರ್ಟ್ ಬ್ಯಾಮ್ಲೆಟ್ ಆಟ ನಿಲ್ಲಿಸಿಬಿಟ್ಟ. ಚಳಿಗೆ ಮರಗಟ್ಟಿ ಅವನಿಂದ ಸೀಟಿ ಊದಲೂ ಆಗಲಿಲ್ಲ, ಯುನೈಟೆಡ್ ಕ್ಯಾಪ್ಟನ್ ಚಾರ್ಲಿ ರಾಬರ್ಟ್ಸ್ ಕೈಯಲ್ಲಿ ಊದಿಸಿದ ಅಂತ ಇಂದಿಗೂ ಹೇಳುತ್ತಾರೆ. ಸೋಲುತ್ತಿದ್ದ ಟೀಮಿನ ಕ್ಯಾಪ್ಟನ್ ಎಷ್ಟು ಜೋರಾಗಿ ಊದಿರಬೇಕು, ನೀವೇ ಯೋಚಿಸಿ! ಕೆಲವೇ ದಿನಗಳಲ್ಲಿ ಮತ್ತೆ ಆಡಿ 3-2ರಲ್ಲಿ ಗೆದ್ದರು. ಅದೇ ಬ್ಯಾಮ್ಲೆಟ್ 1927ರಲ್ಲಿ ಯುನೈಟೆಡ್‌ಗೆ ಮ್ಯಾನೇಜರ್ ಆಗಿ ಬಂದ.

ಏಪ್ರಿಲ್ 24ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಫೈನಲ್, ಬ್ರಿಸ್ಟಲ್ ಸಿಟಿ ಎದುರು. ಎಪ್ಪತ್ತು ಸಾವಿರಕ್ಕೂ ಜಾಸ್ತಿ ಜನ. ಯುನೈಟೆಡ್‌ನ ಸ್ಯಾಂಡಿ ಟರ್ನ್‌ಬುಲ್ ಪೂರ್ತಿ ಫಿಟ್ ಇರಲಿಲ್ಲ. ಅವನನ್ನು ಆಡಿಸಲೇಬೇಕು ಅಂತ ಹಟ ಹಿಡಿದವನು ರಾಬರ್ಟ್ಸ್. ಅವನ ಜೊತೆಗಾರ ಹ್ಯಾಲ್ಸ್ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿದು ವಾಪಸ್ ಬಂತು. ಟರ್ನ್‌ಬುಲ್ ಅದನ್ನು ಒಳಗೆ ತಳ್ಳಿದ. ಒಂದೇ ಗೋಲು, ಕಪ್ ಮ್ಯಾಂಚೆಸ್ಟರಿಗೆ ಬಂತು.

ಬಹಳ ಜನ ಆ ಸೀಸನ್ನಿನ ಕತೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಕತೆ ಶುರುವಾಗುವುದೇ ಇಲ್ಲಿಂದ.

ಈ ಹೀರೋಗಳ ಸಂಬಳ ಎಷ್ಟು ಗೊತ್ತಾ? ವಾರಕ್ಕೆ ಹೆಚ್ಚೆಂದರೆ ನಾಲ್ಕು ಪೌಂಡು. 1901ರಿಂದ ಅದೇ ನಿಯಮ. ಚಾಂಪಿಯನ್ ಆದರೂ ನಾಲ್ಕು, ಎಪ್ಪತ್ತು ಸಾವಿರ ಜನ ಟಿಕೆಟ್ ಕೊಂಡು ಬಂದರೂ ನಾಲ್ಕು. ಗಿರಣಿ ಕೆಲಸಗಾರನಿಗಿಂತ ಅದು ಜಾಸ್ತಿ, ಒಪ್ಪುತ್ತೇನೆ. ಆದರೆ ಕ್ಲಬ್ಬು ಬಿಟ್ಟುಕೊಡದೆ ಇನ್ನೊಂದು ಕ್ಲಬ್ಬಿಗೆ ಹೋಗುವ ಹಾಗಿಲ್ಲ. ಕೆಲಸಗಾರ ಗಿರಣಿ ಬದಲಾಯಿಸಬಹುದಿತ್ತು, ಇವರಿಗೆ ಅದೂ ಇಲ್ಲ. 1907ರಲ್ಲಿ ಟಾಮಸ್ ಬ್ಲ್ಯಾಕ್‌ಸ್ಟಾಕ್ ಅನ್ನುವ ಯುನೈಟೆಡ್ ಹುಡುಗ ಮೀಸಲು ಟೀಮಿನ ಪಂದ್ಯದಲ್ಲಿ ಚೆಂಡಿಗೆ ತಲೆ ಕೊಟ್ಟವನು ಕುಸಿದು ಸತ್ತ. ಸಹಜ ಸಾವು ಅಂತ ಬರೆದುಕೊಂಡರು. ಮನೆಯವರಿಗೆ ಪರಿಹಾರ ಸಿಗಲಿಲ್ಲ. ಆಟಗಾರ ಕೂಡ ಕೆಲಸಗಾರನೇ ಅಂತ ನಾನು ಹೇಳುವುದು ಇದಕ್ಕೇ. ಕೆಲಸದ ಜಾಗದಲ್ಲಿ ಸತ್ತವನ ಮನೆಗೆ ಪರಿಹಾರ ಕೊಡಬೇಕು, ಅಷ್ಟೇ ಅಲ್ವಾ?

ಅದೇ ವರ್ಷ ಡಿಸೆಂಬರ್‌ನಲ್ಲಿ ಮ್ಯಾಂಚೆಸ್ಟರಿನ ಇಂಪೀರಿಯಲ್ ಹೋಟೆಲಿನಲ್ಲಿ ಆಟಗಾರರ ಯೂನಿಯನ್ ಹುಟ್ಟಿತು. ಮುಂದೆ ನಿಂತವರು ಯುನೈಟೆಡ್‌ನವರೇ ಆದ ರಾಬರ್ಟ್ಸ್ ಮತ್ತು ಬಿಲ್ಲಿ ಮೆರೆಡಿತ್. ಮೆರೆಡಿತ್ ವೇಲ್ಸ್‌ನ ಚರ್ಕ್ ಊರಿನವನು. ಹನ್ನೆರಡನೇ ವಯಸ್ಸಿಗೇ ಕಲ್ಲಿದ್ದಲು ಗಣಿಗೆ ಇಳಿದವನು. ಯೂನಿಯನ್ ಅಂದರೆ ಏನು ಅಂತ ಅವನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಈ ಯೂನಿಯನ್ ಬೇರೆ ಕಾರ್ಮಿಕ ಸಂಘಗಳ ಒಕ್ಕೂಟ ಸೇರಲು ಹೊರಟಾಗ ಎಫ್‌ಎಗೆ ದಿಗಿಲಾಯಿತು. 1909ರ ಜುಲೈ 1ರೊಳಗೆ ಯೂನಿಯನ್ ಬಿಡಿ, ಇಲ್ಲದಿದ್ದರೆ ನಿಮ್ಮ ನೋಂದಣಿ ರದ್ದು ಅಂತ ಹುಕುಂ ಬಂತು. ದೇಶದ ತುಂಬಾ ಆಟಗಾರರು ಹೆದರಿ ಯೂನಿಯನ್ ಬಿಟ್ಟೆವು ಅಂತ ಸಹಿ ಹಾಕಿದರು. ಎರಡು ತಿಂಗಳ ಹಿಂದೆ ಕಪ್ ಎತ್ತಿದ್ದ ಯುನೈಟೆಡ್ ಹುಡುಗರು ಹಾಕಲಿಲ್ಲ. ಸಂಬಳ ನಿಂತಿತು.

ಬಟವಾಡೆ ದಿನ ಶುಕ್ರವಾರ. ರಾಬರ್ಟ್ಸ್ ಆಮೇಲೆ ತಾನೇ ಹೇಳಿಕೊಂಡ ಪ್ರಸಂಗ ಇದು. ಎಲ್ಲರೂ ಕ್ಲಬ್ಬಿನ ಆಫೀಸಿಗೆ ಹೋದರು. ದುಡ್ಡಿಲ್ಲ ಅಂದರು. ಹಾಗಾದರೆ ಇಲ್ಲಿಂದ ಏನಾದರೂ ಹೋಗಲೇಬೇಕು ಅಂತ ಸ್ಯಾಂಡಿ ಟರ್ನ್‌ಬುಲ್ ಅಲ್ಲಿದ್ದ ಕನ್ನಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರನಡೆದ. ಫೈನಲ್ಲಿನಲ್ಲಿ ಗೋಲು ಹೊಡೆದ ಅದೇ ಟರ್ನ್‌ಬುಲ್! ಹಿಂದೆಯೇ ಉಳಿದವರೂ ಕೈಗೆ ಸಿಕ್ಕ ಸಾಮಾನು ಹೊತ್ತು ಹೊರಟರು. ಆಮೇಲೆ ಅವನ್ನೆಲ್ಲ ವಾಪಸ್ ಕೊಟ್ಟರು. ಸಂಬಳ ಮಾತ್ರ ಬರಲಿಲ್ಲ.

ಈ ಕತೆ ಹೇಳುವಾಗ ನನ್ನ ಗಂಟಲು ಯಾಕೆ ಕಟ್ಟುತ್ತದೆ ಅಂತ ಇಲ್ಲಿರುವ ಕೆಲವರಿಗೆ ಗೊತ್ತು. ನಾವೂ ಒಂದು ಬಟವಾಡೆ ದಿನ ಕಿಟಕಿಯ ಮುಂದೆ ಸಾಲಲ್ಲಿ ನಿಂತಿದ್ದೆವು. ಒಳಗೆ ದುಡ್ಡಿನ ಬದಲು ಒಂದು ಕಾಗದ ಇತ್ತು. ಯೂನಿಯನ್ ಬಿಟ್ಟಿದ್ದೇನೆ ಅಂತ ಸಹಿ ಹಾಕಿದರೆ ಸಂಬಳ. ನನ್ನ ಮುಂದೆ ನಿಂತಿದ್ದ ಅಣ್ಣ ಆ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗೆ ಇಟ್ಟುಕೊಂಡು, ಮಾತಾಡದೆ ಹೊರಗೆ ಹೋದರು. ಮನೆಯಲ್ಲಿ ಮೂರು ಮಕ್ಕಳು. ಅವರ ಬೆನ್ನು ನೋಡಿಕೊಂಡೇ ನಾನೂ ಹೊರಗೆ ಬಂದೆ. ಟರ್ನ್‌ಬುಲ್ ಅಂದರೆ ನನಗೆ ಅವರ ನೆನಪು.

ಟೈಮ್ ಆಯಿತು ಅಂತ ಚೀಟಿ ಬಂದಿದೆ. ಅಧ್ಯಕ್ಷರೇ, ಐದು ನಿಮಿಷ ಕೊಡಿ. ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡ್ ಕಟ್ಟಿದ ಕತೆ ಬಿಡುತ್ತೇನೆ. 1911ರ ಲೀಗ್ ಗೆಲುವನ್ನೂ ಬಿಡುತ್ತೇನೆ.

ಅದೇ 1909ರ ಆಗಸ್ಟ್ 31ಕ್ಕೆ, ಹೊಸ ಸೀಸನ್ನಿನ ಹಿಂದಿನ ದಿನ, ರಾಜಿಯಾಯಿತು. ಯೂನಿಯನ್‌ಗೆ ಮಾನ್ಯತೆ ಸಿಕ್ಕಿತು. ಮರುದಿನ ತೋಳಿಗೆ ಯೂನಿಯನ್ ಪಟ್ಟಿ ಕಟ್ಟಿಕೊಂಡು ಇಳಿದು ಬ್ರಾಡ್‌ಫರ್ಡ್ ಸಿಟಿಯನ್ನು 1-0ಯಿಂದ ಸೋಲಿಸಿದರು. ಪೂರ್ತಿ ಗೆಲುವು ಅಂತ ಹೇಳಲಾರೆ. ಕೆಲವೇ ವಾರದಲ್ಲಿ ಆಟಗಾರರೇ ಓಟು ಹಾಕಿ ಆ ಕಾರ್ಮಿಕ ಒಕ್ಕೂಟದಿಂದ ಹೊರಗೆ ಬಂದರು. ರಾಬರ್ಟ್ಸ್‌ಗೆ ಅದು ಬಹಳ ನೋವು ಕೊಟ್ಟಿತು. ಸಂಬಳದ ಮಿತಿ ಹೋಗಲು 1961ರವರೆಗೆ ಕಾಯಬೇಕಾಯಿತು. ಟರ್ನ್‌ಬುಲ್ 1917ರಲ್ಲಿ ಫ್ರಾನ್ಸಿನ ಆರಾಸ್ ಯುದ್ಧದಲ್ಲಿ ಸತ್ತ. ಅವನ ಸಮಾಧಿ ಎಲ್ಲಿದೆ ಅಂತ ಗೊತ್ತಿಲ್ಲ.

ಕೊನೆಗೆ ಈ ಫೋಟೋ. ಲೈಟ್ ಸ್ವಲ್ಪ ಆರಿಸಿ. ಸಂಬಳವಿಲ್ಲದ ಆ ಬೇಸಿಗೆಯಲ್ಲಿ ಇವರು ಫ್ಯಾಲೋಫೀಲ್ಡ್ ಮೈದಾನದಲ್ಲಿ ತಾವೇ ಅಭ್ಯಾಸ ಮಾಡುತ್ತಿದ್ದರು. ಪತ್ರಿಕೆಯವರು ಫೋಟೋ ತೆಗೆಯಲು ಬಂದಾಗ ರಾಬರ್ಟ್ಸ್ ತಡೀರಿ ಅಂತ ಹೋಗಿ ಒಂದು ಹಲಗೆ ತಂದ. ಅದರ ಮೇಲೆ ಔಟ್‌ಕಾಸ್ಟ್ಸ್ ಎಫ್‌ಸಿ ಅಂತ ಬರೆದ. ಅಂದರೆ ಹೊರಹಾಕಿಸಿಕೊಂಡವರ ಕ್ಲಬ್ಬು. ಮುಂದಿನ ಸಾಲು ನೋಡಿ. ರಾಬರ್ಟ್ಸ್ ಇದ್ದಾನೆ, ಟರ್ನ್‌ಬುಲ್ ಇದ್ದಾನೆ. ಅದೇ ಸಾಲಿನಲ್ಲಿ ಯುನೈಟೆಡ್‌ನವನಲ್ಲದ ಒಬ್ಬ ಕೂತಿದ್ದಾನೆ. ಅವನು ಟಿಮ್ ಕೋಲ್ಮನ್, ಎವರ್ಟನ್ ಆಟಗಾರ. ಆ ಸೀಸನ್ನಿನ ಕಪ್‌ನಲ್ಲಿ ಇವರು ಸೋಲಿಸಿದ್ದ ಕ್ಲಬ್ಬಿನವನು. ತನ್ನ ಕ್ಲಬ್ಬಿನವರನ್ನು ಬಿಟ್ಟು ಬಂದು ಇವರ ಜೊತೆ ಕೂತ.