ಚಕ್ಕುಬಂದಿಯ ಆಚೆ

ಕೇಳುಗರಿಗೆ ನಮಸ್ಕಾರ.

ಕಥೆ ಬರೆಯುವವನ ದಿನಚರಿಯ ಕುರಿತು ಮಾತನಾಡಬೇಕೆಂದು ನಿಲಯದವರು ಕೇಳಿದಾಗ ನನಗೆ ಸಂಕೋಚವೇ ಆಯಿತು. ನನ್ನ ದಿನದಲ್ಲಿ ಬರವಣಿಗೆಗೆ ಸಿಗುತ್ತಿದ್ದದ್ದು ಬೆಳಗಿನ ಒಂದೂವರೆ ಗಂಟೆ ಮಾತ್ರ. ಉಳಿದ ಹೊತ್ತು ಉತ್ತರ ಕನ್ನಡದ ಒಂದೆರಡು ತಾಲ್ಲೂಕುಗಳ ಉಪನೋಂದಣಿ ಕಚೇರಿಗಳಲ್ಲಿ ಗುಮಾಸ್ತಿಕೆಗೆ ಹೋಯಿತು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಉಯಿಲು, ಇವೇ ನಾನು ಪ್ರತಿದಿನ ಓದಿದ ಸಾಹಿತ್ಯ. ಬಹುಕಾಲ ಈ ಕಚೇರಿಯೇ ನನ್ನ ಕಥೆಗಳನ್ನು ತಿನ್ನುತ್ತಿದೆ ಎಂದು ನಾನು ದೂರುತ್ತಿದ್ದೆ. ಆ ದೂರು ಎಷ್ಟು ಪೊಳ್ಳೆಂಬುದು ತಿಳಿಯಲು ನಿವೃತ್ತಿಯೇ ಆಗಬೇಕಾಯಿತು. ಈಗ ಇಡೀ ದಿನ ನನ್ನದು, ಆದರೂ ಬರೆಯುವುದು ಆ ಒಂದೂವರೆ ಗಂಟೆಯೇ.

ಕಚೇರಿಯನ್ನು ಶಪಿಸುವ ಕಥೆಗಾರನಿಗೆ ಕನ್ನಡದಲ್ಲಿ ಮಾಸ್ತಿಯವರಿಗಿಂತ ದೊಡ್ಡ ಉತ್ತರವಿಲ್ಲ. ಅವರು 1914ರಲ್ಲಿ ಮೈಸೂರು ಸರ್ಕಾರದ ನೌಕರಿಗೆ ಸೇರಿ, ಊರಿಂದೂರಿಗೆ ವರ್ಗವಾಗುತ್ತ, ಜಿಲ್ಲಾಧಿಕಾರಿಯ ಹುದ್ದೆಯವರೆಗೆ ಏರಿ, 1943ರಲ್ಲಿ ತಾವಾಗಿಯೇ ಕೆಲಸ ಬಿಟ್ಟರು. 'ಕೆಲವು ಸಣ್ಣ ಕಥೆಗಳು' ಹೊರಬಂದದ್ದು 1920ರಲ್ಲಿ, ಅಂದರೆ ಆ ನೌಕರಿಯ ನಡುವೆಯೇ. ಅವರ ಎಷ್ಟೋ ಕಥೆಗಳನ್ನು ಓದುವಾಗ, ಯಾರೋ ಒಬ್ಬರು ಪಕ್ಕದಲ್ಲಿ ಕುಳಿತು, ತಾವು ಕಂಡದ್ದನ್ನೋ ಇನ್ನೊಬ್ಬರಿಂದ ಕೇಳಿದ್ದನ್ನೋ ನಿಧಾನವಾಗಿ ಹೇಳುತ್ತಿದ್ದಾರೆ ಎನಿಸುತ್ತದೆ. ದಿನವಿಡೀ ಜನರ ಅಹವಾಲು ಕೇಳುವ ಅಧಿಕಾರಿಯ ಕಿವಿ ಅದು ಎಂಬುದು ನನ್ನ ಊಹೆ. ವಿಮರ್ಶಕರು ಒಪ್ಪದಿದ್ದರೂ ಚಿಂತೆಯಿಲ್ಲ, ನನ್ನಂಥ ಗುಮಾಸ್ತನಿಗೆ ಈ ಊಹೆ ಬೇಕಾಗಿತ್ತು.

ನಮ್ಮ ಜಿಲ್ಲೆಯವರೇ ಆದ ಯಶವಂತ ಚಿತ್ತಾಲರದು ಇನ್ನೊಂದು ಬಗೆ. ಗೋಕರ್ಣದ ಸಮೀಪದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಅವರು ಓದಿದ್ದು ರಾಸಾಯನಿಕ ತಂತ್ರಜ್ಞಾನ, ದುಡಿದದ್ದು ಮುಂಬಯಿಯ ಪ್ಲಾಸ್ಟಿಕ್ ಉದ್ಯಮದಲ್ಲಿ, ಮನೆ ಮಾಡಿದ್ದು ಬಾಂದ್ರಾದ ಕಡಲಿನೆದುರು. ಅಮಾನತಾದ ಒಬ್ಬ ಅಧಿಕಾರಿಯ ತಳಮಳವನ್ನು ಹೇಳುವ 'ಶಿಕಾರಿ' ಕಾದಂಬರಿ ಆ ಉದ್ಯಮಲೋಕದ ಒಳಗಿನಿಂದ ಬಂದದ್ದು. ಆದರೆ ಅದೇ ಕೈ ಮತ್ತೆ ಮತ್ತೆ ಹನೇಹಳ್ಳಿಗೆ ಮರಳಿ ಕಥೆ ಬರೆಯಿತು. ಹನೇಹಳ್ಳಿಗೆ ಬಸ್ಸಿನಲ್ಲಿ ಹೋಗಿಬರಬಲ್ಲಷ್ಟು ಹತ್ತಿರ ಇದ್ದ ನನಗೆ ಆ ಊರು ಮೊದಲು ಕಂಡದ್ದು ಮುಂಬಯಿಯಲ್ಲಿ ಕುಳಿತವರು ಬರೆದ ಪುಟಗಳಲ್ಲಿ. ಕಣ್ಣೆದುರಿಗೆ ಇರುವುದನ್ನು ಬರೆಯಬೇಕಾದರೆ ಅದರಿಂದ ಎಷ್ಟು ದೂರ ನಿಲ್ಲಬೇಕು ಎಂಬ ಲೆಕ್ಕ ನನಗೆ ಇಂದಿಗೂ ಬಗೆಹರಿದಿಲ್ಲ.

ಓದಿನ ಸುಖದ ಬಗ್ಗೆ ಹೇಳುವುದಾದರೆ, ಬರೆಯಲು ಕೂರುವ ಮೊದಲು ನಾನು ಓದುವುದು ಕಥೆಯನ್ನಲ್ಲ, ನಿಘಂಟನ್ನು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಕಿಟ್ಟೆಲ್ ಅವರ ಕೋಶದ ಒಂದು ಮರುಮುದ್ರಣ ನನ್ನ ಬಳಿ ಇದೆ. ಯಾವುದೋ ಒಂದು ಪದವನ್ನು ಹುಡುಕಲು ಹೋದವನು ಅದರ ನೆರೆಯ ಪದಗಳಲ್ಲಿ, ಅವುಗಳ ಜೊತೆಗೆ ಅವರು ಕೊಟ್ಟ ಗಾದೆಗಳಲ್ಲಿ ಸಿಕ್ಕಿಕೊಂಡು, ಹುಡುಕಲು ಬಂದದ್ದನ್ನೇ ಮರೆಯುತ್ತೇನೆ. ಕಥೆಗಳನ್ನು ಓದುವುದು ಮಧ್ಯಾಹ್ನ, ಊಟವಾದ ಮೇಲೆ, ಯಾವ ಉಪಯೋಗದ ಉದ್ದೇಶವೂ ಇಲ್ಲದೆ. ಕಲಿಯಲೆಂದೇ ಓದಿದ ಪುಸ್ತಕದಿಂದ ನಾನು ಕಲಿತದ್ದು ಕಡಿಮೆ.

ಇನ್ನು ಸ್ಫೂರ್ತಿಯ ಮಾತು. ಅದನ್ನು ಒಂದು ಉದಾಹರಣೆಯಿಂದಲೇ ಹೇಳುವುದು ವಾಸಿ.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ 1994ರಲ್ಲಿಯೂ ಕೇಂದ್ರ 2005ರಲ್ಲಿಯೂ ತಿದ್ದುಪಡಿ ತಂದು, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲನ್ನು ಕೊಟ್ಟವು. ಪಾಲು ಸಿಕ್ಕಿದ್ದರ ಜೊತೆಗೇ ಅದನ್ನು ಬಿಟ್ಟುಕೊಡುವ ದಾರಿಯೂ ಸವೆಯಿತು. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಅಕ್ಕತಂಗಿಯರು ಅಣ್ಣತಮ್ಮಂದಿರ ಜೊತೆ, ಒಂದೇ ವಾಹನದಲ್ಲಿ, ಒಳ್ಳೆಯ ಸೀರೆ ಉಟ್ಟುಕೊಂಡು ಬರುತ್ತಿದ್ದರು. ಅಂಥ ಒಂದು ದಿನ, ಎಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸು ಹೆಬ್ಬೆಟ್ಟಿಗೆ ಶಾಯಿ ಹಚ್ಚಿಸಿಕೊಂಡ ಮೇಲೆ ಕೈಯನ್ನು ಹಾಗೆಯೇ ಎತ್ತಿ ಹಿಡಿದು ನನ್ನನ್ನು ಕೇಳಿದರು: "ತೋಟದ ಕೆಳಗೆ ಹೊಳೆಯ ಬದಿಗೆ ಒಂದು ಅಪ್ಪೆ ಮಾವಿನ ಮರ ಉಂಟು. ವರ್ಷಕ್ಕೊಂದು ಬುಟ್ಟಿ ಮಿಡಿ ನನಗೆ ಕೊಡಬೇಕು ಅಂತ ಇದರಲ್ಲಿ ಬರೆಯಲಿಕ್ಕೆ ಬರ್ತದಾ?"

ಪತ್ರ ಬರೆಯುವವರು ನಕ್ಕರು. ತಮ್ಮ, "ಕೊಡದೇ ಇರ್ತೇನಾ ಅಕ್ಕಯ್ಯ?" ಎಂದು ನೆಲ ನೋಡಿದರು. ಪತ್ರದಲ್ಲಿ ಸರ್ವೆ ನಂಬರಿತ್ತು, ಎಕರೆ ಗುಂಟೆಗಳಿದ್ದವು, ಪೂರ್ವ ಪಶ್ಚಿಮ ಉತ್ತರ ದಕ್ಷಿಣಗಳ ಚಕ್ಕುಬಂದಿಯಿತ್ತು, ಮರವನ್ನು ಮಾತ್ರ ಎಲ್ಲಿ ಸೇರಿಸುವುದು? ಆಕೆ ಹೆಬ್ಬೆಟ್ಟು ಒತ್ತಿದರು. ನಾನು ಮುಂದಿನವರ ಹೆಸರು ಕೂಗಿದೆ.

ಅಂದು ಸಂಜೆಯೇ ಇದನ್ನು ಕಥೆ ಮಾಡಲು ಕುಳಿತೆ, ಕೆಟ್ಟಿತು. ಆಕೆಯನ್ನು ತೀರಾ ಪಾಪದವಳನ್ನಾಗಿಯೂ ತಮ್ಮನನ್ನು ತೀರಾ ಕಳ್ಳನನ್ನಾಗಿಯೂ ಮಾಡಿದ್ದೆ. ಎರಡು ವರ್ಷಗಳ ಬಳಿಕ ಮತ್ತೆ ಬರೆದಾಗ ಅದು ಕಾಯ್ದೆಯ ಮೇಲಿನ ಲೇಖನದಂತೆ ಕಂಡಿತು. ಕಂಡದ್ದನ್ನು ಕಂಡ ಹಾಗೆ ಬರೆದರೆ ಕಥೆಯಾಗುತ್ತದೆ ಎನ್ನುವವರು ಒಮ್ಮೆ ಬರೆದು ನೋಡಬೇಕು. ಆ ಹಾಳೆಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ. ಹಾಗೆ ಅಟ್ಟ ಸೇರಿದ ಕಟ್ಟುಗಳ ಸಂಖ್ಯೆ ನನ್ನ ಅಚ್ಚಾದ ಕಥೆಗಳ ಸಂಖ್ಯೆಗಿಂತ ಹೆಚ್ಚು ಎಂಬುದನ್ನು ಬಾನುಲಿಯಲ್ಲಿ ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಕಳೆದ ಮಾಘದಲ್ಲಿ ಮನೆಗೆ ಮಿಡಿ ಬಂತು. ಭರಣಿಗಳನ್ನು ತೊಳೆದು ಬಿಸಿಲಿಗಿಟ್ಟು, ಉಪ್ಪು ಅಳೆಯುತ್ತಿದ್ದ ನನ್ನ ಹೆಂಡತಿಗೆ ಆ ಹಳೆಯ ಕಥೆಯನ್ನು ಓದಿ ಹೇಳಿದೆ. ಅಚ್ಚಿಗೆ ಕಳುಹಿಸುವ ಮೊದಲು ಆಕೆಗೆ ಓದಿ ಹೇಳುವುದು ನಮ್ಮಲ್ಲಿ ಮೊದಲಿನಿಂದಲೂ ಇದೆ. ಎಲ್ಲಿ ಆಕೆ ಕೆಲಸಕ್ಕೆ ಏಳುತ್ತಾಳೋ ಅಲ್ಲಿ ಕಥೆ ಬಿದ್ದಿದೆ ಎಂದು ಗುರುತು ಹಾಕಿಕೊಳ್ಳುತ್ತೇನೆ. ಈ ಸಲ ಆಕೆ ಏಳಲಿಲ್ಲ. ಕೊನೆಯವರೆಗೆ ಕೇಳಿ, "ಎಲ್ಲ ಸರಿ, ಮಿಡಿ ಕೊಯ್ಯುವವರು ಯಾರು?" ಎಂದು ಕೇಳಿದಳು.

ಅಪ್ಪೆಮಿಡಿಯನ್ನು ಬಲ್ಲವರಿಗೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಮಿಡಿಯನ್ನು ಉದುರಿಸುವಂತಿಲ್ಲ. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಇಡೀ ಭರಣಿಯನ್ನೇ ಕೆಡಿಸಬಹುದು. ಯಾರಾದರೂ ಆ ಎತ್ತರದ ಮರವನ್ನು ಹತ್ತಿ, ತೊಟ್ಟಿನ ಸಮೇತ ಕೊಯ್ದು, ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಮೆಲ್ಲನೆ ಕೆಳಗಿಳಿಸಬೇಕು. ಅಕ್ಕ ಕೇಳುತ್ತಾಳೆ, ತಮ್ಮ ಒಪ್ಪುತ್ತಾನೆ, ಹತ್ತುವವನು ಮಾತ್ರ ಮೂರನೆಯವನು. ಅವನ ಹೆಸರು ಯಾವ ಪತ್ರದಲ್ಲೂ ಇಲ್ಲ, ಸಾಕ್ಷಿಯ ಕಾಲಮ್ಮಿನಲ್ಲಿಯೂ ಇಲ್ಲ. ನನ್ನ ಎರಡು ಕರಡುಗಳಲ್ಲಿಯೂ ಅವನಿರಲಿಲ್ಲ.

ಅಟ್ಟದ ಕಥೆಯನ್ನು ಮತ್ತೆ ಮೊದಲಿನಿಂದ ಬರೆಯುತ್ತಿದ್ದೇನೆ. ಅಕ್ಕತಮ್ಮಂದಿರು ಈಗ ಮರದ ಬುಡದಲ್ಲಿ ಒಬ್ಬರನ್ನೊಬ್ಬರು ನೋಡದೆ ನಿಂತಿದ್ದಾರೆ. ಇಂದು ಬೆಳಿಗ್ಗೆ ನಾನು ಲೇಖನಿ ಮುಚ್ಚುವಾಗ ಅವನು ಮೊದಲ ಕವಲನ್ನು ದಾಟಿದ್ದ. ಅಲ್ಲಿಂದ ಅವನಿಗೆ ಹೊಳೆಯ ಆಚೆಯ ದಡ ಕಾಣುತ್ತಿತ್ತು.

ನಮಸ್ಕಾರ.